ಎರಡನೇ ಗೇರಿನ ಸ್ಪೋರ್ಟ್ಸ್ ಕಾರು

ಬೆಂಗಳೂರಿನಲ್ಲಿ ಸ್ಪೋರ್ಟ್ಸ್ ಕಾರಾ? ಅದೂ ಸೆಕೆಂಡ್ ಹ್ಯಾಂಡ್, ಅದೂ ದಿನಾ ಆಫೀಸಿಗೆ? ನಾನು ಕಾರು ಹುಡುಕುತ್ತಿದ್ದಾಗ ಇದನ್ನು ಕೇಳದವರೇ ಇಲ್ಲ. ಕೇಳಿದ್ದರಲ್ಲಿ ತಪ್ಪೂ ಇಲ್ಲ ಬಿಡಿ. ಟಾಮ್‌ಟಾಮ್ ಕಂಪನಿಯ 2024ರ ಲೆಕ್ಕದಲ್ಲಿ ಇಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 34 ನಿಮಿಷ ಬೇಕು. ಗಂಟೆಗೆ 18 ಕಿ.ಮೀ. ಕೂಡ ಆಗಲಿಲ್ಲ. ಇನ್ನೂರು ಮುನ್ನೂರು ಕುದುರೆ ಕಟ್ಟಿಕೊಂಡು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತು ಏನು ಮಾಡುತ್ತೀಯಾ ಅಂತ ನಮ್ಮ ಭಾವ ಕೇಳಿದ್ದೂ ಅದಕ್ಕೇ.

ನನಗೆ ಬೇಕಾಗಿದ್ದು ಸ್ಪೀಡ್ ಅಲ್ಲ. ಸ್ಟೀರಿಂಗ್ ಸ್ವಲ್ಪ ತಿರುಗಿಸಿದರೂ ಮೂತಿ ತಕ್ಷಣ ತಿರುಗಬೇಕು, ಬ್ರೇಕ್ ಕಾಲಿಗೆ ಗಟ್ಟಿಯಾಗಿ ಸಿಗಬೇಕು, ಸೀಟು ಬೆನ್ನು ಹಿಡಿದುಕೊಂಡು ಕೂರಬೇಕು. ಈ ಸುಖ 30ರ ಸ್ಪೀಡಿನಲ್ಲೂ ಸಿಗುತ್ತದೆ. ಹಾಗಾಗಿ ಯಾವ ಕಾರು ನೋಡಿದರೂ ಎರಡನೇ ಗೇರಿನಲ್ಲಿ ಹೇಗಿರುತ್ತದೆ ಅನ್ನುವುದೊಂದನ್ನೇ ನೋಡಿದೆ. ಪವರ್, ಟಾಪ್ ಸ್ಪೀಡ್, ಯೂಟ್ಯೂಬ್ ವಿಡಿಯೋ ಎಲ್ಲ ಆಮೇಲೆ.

ಮೊದಲು ಹಂಪ್ ವಿಷಯ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ ಇದ್ದು, ಕಾರು ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಹರಡಿರಬೇಕು. ಅಂಥ ಹಂಪನ್ನು ಯಾವ ಕಾರಾದರೂ ಮೆಲ್ಲಗೆ ಹತ್ತಿ ಇಳಿಯುತ್ತದೆ. ನಮ್ಮ ಏರಿಯಾದಲ್ಲಿ ಇರುವುದು ರಾತ್ರೋರಾತ್ರಿ ಯಾರೋ ಟಾರ್ ಸುರಿದು ಹೋದ ದಿಬ್ಬ. ಎತ್ತರ ಜಾಸ್ತಿ, ಹರವು ಇಲ್ಲವೇ ಇಲ್ಲ. ಇಂಥದ್ದಕ್ಕೆ ಬ್ರೋಷರಿನ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಕಾರಿನ ಹೊಟ್ಟೆಗೂ ಇರುವ ಅಂತರ) ಒಂದನ್ನೇ ನಂಬಬೇಡಿ. ನಾಲ್ಕು ಜನ ಕೂತರೆ ಕಾರು ಇನ್ನಷ್ಟು ತಗ್ಗುತ್ತದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಎಷ್ಟು ದೂರ ಇದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ದೂರ ಜಾಸ್ತಿ ಇದ್ದಷ್ಟೂ ಹಂಪಿನ ನೆತ್ತಿ ಕಾರಿನ ಹೊಟ್ಟೆಗೆ ತಾಗುವುದು ಜಾಸ್ತಿ. ಓರೆಯಾಗಿ ಹತ್ತಿಸಿದರೆ ಒಂದೊಂದೇ ಚಕ್ರ ಏರಿ ಹೊಟ್ಟೆ ಉಳಿಯುತ್ತದೆ ನಿಜ, ಆದರೆ ನೀವು ಓರೆ ಮಾಡಿದ ಜಾಗದಲ್ಲಿ ಅಷ್ಟರಲ್ಲೇ ಒಂದು ಆಟೋ, ಎರಡು ಸ್ಕೂಟರ್ ನುಗ್ಗಿರುತ್ತವೆ.

ಫೋರ್ಡ್ ಮಸ್ಟಾಂಗ್ ಕೈಬಿಟ್ಟಿದ್ದು ಇದೇ ಕಾರಣಕ್ಕೆ. 2016ರಲ್ಲಿ ಇಲ್ಲಿಗೆ ಬಂದ 5 ಲೀಟರಿನ, ಎಂಟು ಸಿಲಿಂಡರಿನ ವಿ8 ಇಂಜಿನ್, ಸದ್ದು ಕೇಳಿದರೆ ಮೈ ಜುಮ್ ಅನ್ನುತ್ತದೆ. ಆದರೆ ಅಗಲ 1.9 ಮೀಟರ್, ಮೂತಿ ಉದ್ದ, ಮತ್ತೆ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ್‍ಯಾಂಪ್ ಮೇಲಿನ ತುದಿಯಲ್ಲಿ ಏರು ಥಟ್ಟನೆ ಮುಗಿದು ಸಮತಟ್ಟಾಗುತ್ತದೆ, ಅಲ್ಲಿ ಸೆಡಾನ್‌ಗಳೇ ಕೆರೆದುಕೊಂಡು ಸಿಮೆಂಟಿನ ಮೇಲೆ ಕಪ್ಪು ಗೆರೆ ಬಿಟ್ಟಿವೆ. ದಿನಕ್ಕೆ ಎರಡು ಸಲ ಹಲ್ಲು ಕಚ್ಚಿಕೊಂಡು ಆ ತುದಿ ದಾಟುವುದು ನನ್ನಿಂದಾಗದು. ನೀವೂ ಕಾರು ನೋಡಲು ಹೋದಾಗ ಮೊಬೈಲನ್ನು ಮುಂದಿನ ಬಂಪರಿನ ಕೆಳಗೆ ಹಿಡಿದು ಒಂದು ಫೋಟೋ ತೆಗೆದುಕೊಳ್ಳಿ. ಹಿಂದಿನ ಓನರ್ ಹೇಗೆ ಓಡಿಸಿದ್ದಾರೆ ಅನ್ನುವುದು ಅಲ್ಲಿ ಗೀರು ಗೀರಾಗಿ ಬರೆದಿರುತ್ತದೆ.

ಪೋರ್ಷೆ ಬಾಕ್ಸ್‌ಟರ್ ಮೇಲೆ ಆಸೆ ದೊಡ್ಡದಾಗಿತ್ತು. 987 ಮಾಡೆಲ್‌ನಲ್ಲಿ 2008ರವರೆಗಿನ ಇಂಜಿನ್‌ಗಳಿಗೆ ಇಂಟರ್‌ಮೀಡಿಯೇಟ್ ಶಾಫ್ಟ್ ಬೇರಿಂಗ್ ಅನ್ನುವ ತಲೆನೋವಿದೆ, ಅದು ಪುಡಿಯಾದರೆ ಇಂಜಿನ್ನೇ ಹೋಗಬಹುದು. 2009ರಿಂದ ಬಂದ ಹೊಸ ಇಂಜಿನ್‌ನಲ್ಲಿ ಆ ಶಾಫ್ಟೇ ಇಲ್ಲ, ಹುಡುಕುವುದಾದರೆ ಅದನ್ನೇ ಹುಡುಕಿ. ನಾನು ಅಮ್ಮನನ್ನು ಕೂರಿಸಿ ಒಂದು ರೌಂಡ್ ಹಾಕಿಸಿದೆ. ಇಳಿಯುವಾಗ ಬಾಗಿಲು ಹಿಡಿದುಕೊಂಡು "ಇದರಿಂದ ಏಳೋಕೆ ಇಬ್ಬರು ಬೇಕು ಕಣೋ" ಅಂದರು. ಅಲ್ಲಿಗೆ ಎರಡು ಸೀಟಿನ ಕಾರುಗಳೆಲ್ಲ ಲಿಸ್ಟಿನಿಂದ ಹೋದವು, ಬಿಎಂಡಬ್ಲ್ಯು ಝಡ್4 ಕೂಡ.

ಉಳಿದಿದ್ದು ಎರಡು: ಫೋಕ್ಸ್‌ವ್ಯಾಗನ್ ಪೋಲೋ ಜಿಟಿಐ ಮತ್ತು ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್. ಇವು ಸ್ಪೋರ್ಟ್ಸ್ ಕಾರೇ ಅಲ್ಲ ಅನ್ನುವವರು ಇದ್ದಾರೆ, ಇರಲಿ. ಪೋಲೋ 192 ಹಾರ್ಸ್‌ಪವರಿನ ಮೂರು ಬಾಗಿಲಿನ ಪುಟ್ಟ ಕಾರು, 2016ರಲ್ಲಿ ಇಡೀ ದೇಶಕ್ಕೆ ಅಂತ ತಂದಿದ್ದೇ 99. ನೋಡಲು ಮುದ್ದು. ಆದರೆ ಗೇರ್‌ಬಾಕ್ಸ್ ನೋಡಿ. ಅದರಲ್ಲಿರುವುದು ಏಳು ಸ್ಪೀಡಿನ ಡಿಎಸ್‌ಜಿ, ಅಂದ್ರೆ ಎರಡು ಕ್ಲಚ್ ಇರುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಅದೂ ಆಯಿಲ್‌ನಲ್ಲಿ ಮುಳುಗಿರದ ಡ್ರೈ ಕ್ಲಚ್. ಟ್ರಾಫಿಕ್ಕಿನಲ್ಲಿ ನಾವು ಬ್ರೇಕ್ ಸ್ವಲ್ಪ ಬಿಟ್ಟು, ಅರ್ಧ ಅಡಿ ಮುಂದೆ ಹೋಗಿ, ಮತ್ತೆ ಒತ್ತುತ್ತೇವಲ್ಲ, ಆಗೆಲ್ಲ ಒಳಗೆ ಕ್ಲಚ್ ಅರೆಬರೆ ಹಿಡಿದು ಉಜ್ಜುತ್ತಿರುತ್ತದೆ. ಡ್ರೈ ಕ್ಲಚ್‌ಗೆ ಆ ಬಿಸಿ ಕಳೆಯಲು ಗಾಳಿ ಬಿಟ್ಟರೆ ಬೇರೆ ಗತಿ ಇಲ್ಲ. 2017ರ ವಿಆರ್‌ಎಸ್‌ನಲ್ಲಿ ಇರುವುದು ಆರು ಸ್ಪೀಡಿನ ವೆಟ್ ಕ್ಲಚ್ ಡಿಎಸ್‌ಜಿ. ಕ್ಲಚ್ ಆಯಿಲ್‌ನಲ್ಲೇ ಮುಳುಗಿರುತ್ತದೆ, ಬಿಸಿಯನ್ನು ಆಯಿಲ್ ಎಳೆದುಕೊಳ್ಳುತ್ತದೆ. ಬದಲಿಗೆ 60,000 ಕಿ.ಮೀ.ಗೊಮ್ಮೆ ಆ ಆಯಿಲ್ ಬದಲಾಯಿಸಲೇಬೇಕು. ಬದಲಾಯಿಸಿದ ಬಿಲ್ ಇಲ್ಲದ ಕಾರನ್ನು ನಾನು ಟೆಸ್ಟ್ ಡ್ರೈವ್‌ಗೂ ತೆಗೆದುಕೊಳ್ಳಲಿಲ್ಲ. ಇಂಜಿನ್ ಬಿಸಿಯಾದ ಮೇಲೆ, ಹತ್ತುವ ರಸ್ತೆಯಲ್ಲಿ, ಬಂಪರ್‌ಗೆ ಬಂಪರ್ ತಾಗುವ ಟ್ರಾಫಿಕ್ಕಿನಲ್ಲಿ ಓಡಿಸಿ ನೋಡಿ. ಒಂದರಿಂದ ಎರಡಕ್ಕೆ ಹೋಗುವಾಗ ನಡುಗಿದರೆ ವಾಪಸ್ ಕೊಟ್ಟು ಬನ್ನಿ. ಭಾನುವಾರ ಬೆಳಗ್ಗೆ ಖಾಲಿ ರಸ್ತೆಯಲ್ಲಿ ತೋರಿಸುತ್ತೇನೆ ಅನ್ನುವ ಮಾರುವವರ ಹತ್ತಿರ ಸಂಜೆ ಆರಕ್ಕೇ ಬರುತ್ತೇನೆ ಅಂತ ಹಟ ಹಿಡಿಯಿರಿ.

ಇನ್ನು ನೀರು. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಸರ್ಜಾಪುರ ರಸ್ತೆ, ಯಮಲೂರು ಕಡೆ ಲಕ್ಷುರಿ ಕಾರುಗಳು ಮುಳುಗಿದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. ಹಾಗೆ ಮುಳುಗಿದ ಕಾರುಗಳೆಲ್ಲ ಗುಜರಿಗೇ ಹೋಗುತ್ತವೆ ಅಂತ ಏನಿಲ್ಲ ಅಲ್ವಾ. ನಮ್ಮ ಮೆಕ್ಯಾನಿಕ್ ಅಣ್ಣ ಒಂದು ಕೆಂಪು ಕಾರು ನೋಡಲು ಬಂದಾಗ ಬಾನೆಟ್ ತೆಗೆಯಲೇ ಇಲ್ಲ. ಡ್ರೈವರ್ ಸೀಟಿನ ಬೆಲ್ಟ್ ಹಿಡಿದು ಕೊನೆವರೆಗೂ ಎಳೆದರು. ಮೇಲಿನ ಭಾಗ ಹೊಸದರ ಥರ ಕಪ್ಪಗೆ ಹೊಳೆಯುತ್ತಿತ್ತು, ಒಳಗೆ ಸುತ್ತಿಕೊಂಡಿದ್ದ ಕೊನೆಯ ಮೊಳದಷ್ಟು ಭಾಗದಲ್ಲಿ ಮಾಸಲು ಕಂದು ಗೆರೆ, ಉಗುರಿನಲ್ಲಿ ಕೆರೆದರೆ ಸಣ್ಣ ಮಣ್ಣು. ಸ್ಟೆಪ್ನಿ ಎತ್ತಿದರೆ ಕೆಳಗಿನ ಬೋಲ್ಟ್ ತುಕ್ಕು ಹಿಡಿದಿತ್ತು. "ನಡಿ, ಕಾಫಿ ಕುಡಿಯೋಣ" ಅಂದರು, ಅಷ್ಟೇ. ಇನ್‌ಟೀರಿಯರ್ ಪಾಲಿಶ್ ಮಾಡುವವರು ಸೀಟ್ ಬೆಲ್ಟನ್ನು ಪೂರ್ತಿ ಎಳೆದು ತೊಳೆಯುವುದು ಕಡಿಮೆ.

ದೆಹಲಿ, ಮುಂಬೈ ನೋಂದಣಿಯ ಕಾರುಗಳು ಇಲ್ಲಿಗಿಂತ ಅಗ್ಗ ಅಂತ ಆಸೆ ಹುಟ್ಟಿಸುತ್ತವೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಲೈಫ್ ಟ್ಯಾಕ್ಸ್ 18 ಪರ್ಸೆಂಟ್, ಅದರ ಮೇಲೆ ಸೆಸ್. ಹಳೇ ಕಾರಿಗೆ ವಯಸ್ಸು ನೋಡಿ ಇಳಿಸುತ್ತಾರೆ, ಆದರೂ ಅದನ್ನೂ ಎನ್‌ಒಸಿ (ಹಳೇ ಆರ್‌ಟಿಒದಿಂದ ತರಬೇಕಾದ ಒಪ್ಪಿಗೆ ಪತ್ರ) ಓಡಾಟವನ್ನೂ ಸೇರಿಸಿದರೆ ಅಗ್ಗ ಅನ್ನುವುದು ಎಲ್ಲೋ ಹೋಗುತ್ತದೆ. ಹೊರ ರಾಜ್ಯದ ನಂಬರಿನಲ್ಲೇ ಓಡಿಸಿಕೊಂಡಿರೋಣ ಅನ್ನುವವರಿಗೆ 2025ರ ಸುದ್ದಿ ನೆನಪಿರಲಿ: ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯಿಂದ ಇಲ್ಲಿನ ಆರ್‌ಟಿಒ ಸುಮಾರು 1.4 ಕೋಟಿ ರೂಪಾಯಿ ವಸೂಲಿ ಮಾಡಿತು. ನಾನು ಕೆಎ ನಂಬರ್ ಬಿಟ್ಟು ಬೇರೆ ನೋಡಲೇ ಇಲ್ಲ.

ಕೊನೆಗೆ ತಗೊಂಡಿದ್ದು ವಿಆರ್‌ಎಸ್. 230 ಹಾರ್ಸ್‌ಪವರ್, ಐದು ಸೀಟು, 590 ಲೀಟರಿನ ಡಿಕ್ಕಿ, ಅಮ್ಮ ಆರಾಮಾಗಿ ಇಳಿಯುತ್ತಾರೆ. ಊರೊಳಗೆ ಮೈಲೇಜ್ 8ರ ಆಸುಪಾಸು, ಅದೂ ದುಬಾರಿ 95 ಆಕ್ಟೇನ್ ಪೆಟ್ರೋಲಿನಲ್ಲಿ, ಇದಕ್ಕೆ ಅಳುವವರು ಈ ಕಡೆ ಬರಲೇಬಾರದು. 20 ಪರ್ಸೆಂಟ್ ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬರುವುದಕ್ಕೆ ಮುಂಚಿನ ಕಾರು ಆದ್ದರಿಂದ ಪ್ರತಿ ಸರ್ವಿಸ್‌ನಲ್ಲೂ ಫ್ಯೂಯಲ್ ಹೋಸ್‌ಗಳನ್ನು ನೋಡಿಸುತ್ತೇನೆ. ಕಾರಿನ ಬೆಲೆಯ ಜೊತೆಗೆ ರಿಪೇರಿಗೆ ಅಂತ ಬೇರೆ ದುಡ್ಡು ಎತ್ತಿಟ್ಟೇ ಮಾತುಕತೆಗೆ ಕೂತಿದ್ದೆ, ಅದು ಇಲ್ಲದಿದ್ದರೆ ಈ ಕಾರನ್ನೂ ಬಿಡುತ್ತಿದ್ದೆ.

ಅದರಲ್ಲಿ ಮೊದಲ ಖರ್ಚು ಟೈರಿಗೆ. ಸೈಡ್‌ವಾಲ್ ಮೇಲೆ 2319 ಅಂತ ಇದೆ, ಅಂದ್ರೆ 2019ರ 23ನೇ ವಾರದಲ್ಲಿ ತಯಾರಾಗಿದ್ದು. ಗ್ರಿಪ್ ಇನ್ನೂ ಸವೆದಿಲ್ಲ, ರಬ್ಬರ್ ಮಾತ್ರ ಗಟ್ಟಿಯಾಗಿಬಿಟ್ಟಿದೆ, ಮಳೆಯಲ್ಲಿ ಫ್ಲೈಓವರ್ ಜಾಯಿಂಟ್ ಮೇಲೆ ಸ್ವಲ್ಪ ಜಾರುತ್ತದೆ. ಈ ತಿಂಗಳ ಸಂಬಳಕ್ಕೆ ನಾಲ್ಕೂ ಬದಲು. ವೈಟ್ ಟಾಪಿಂಗ್ (ಕಾಂಕ್ರೀಟ್) ರಸ್ತೆಯಲ್ಲಿ ಕಮ್ಮಿ ಸದ್ದು ಮಾಡುವ ಟೈರ್ ಯಾವುದು ಅಂತ ಗೊತ್ತಿರುವವರು ಹೇಳಿ.