ಎಫ್-1 ವೀಸಾದವರಿಗೆ ಪಿಎಚ್‌ಡಿ ಫೆಲೋಶಿಪ್: ಅರ್ಜಿಗೆ ಮುಂಚೆ, ಹಣ ಬಂದಮೇಲೆ

ಅಮೆರಿಕದಲ್ಲಿ ವಿಜ್ಞಾನದ ಪಿಎಚ್‌ಡಿ ಮಾಡುತ್ತಾ ಫೆಲೋಶಿಪ್ ಹುಡುಕಹೊರಟರೆ ಮೊದಲು ಕಣ್ಣಿಗೆ ಬೀಳುವುದು ಅಲ್ಲಿನ ಸರ್ಕಾರಿ ವಿಜ್ಞಾನ ಸಂಸ್ಥೆ ಎನ್‌ಎಸ್‌ಎಫ್‌ನ ಜಿಆರ್‌ಎಫ್‌ಪಿ, ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಎಫ್31 ಎಂಬ ಫೆಲೋಶಿಪ್‌ಗಳು. ಎರಡೂ ಅಲ್ಲಿನ ನಾಗರಿಕರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮೀಸಲು. ಹಾಗಾಗಿ ಮೊತ್ತ ನೋಡಿ ಬಾಯಲ್ಲಿ ನೀರೂರುವ ಮುಂಚೆ ಪೌರತ್ವದ ಸಾಲು ಓದಿ. ಹೃದಯ, ರಕ್ತನಾಳ, ಪಾರ್ಶ್ವವಾಯು ಸಂಬಂಧಿತ ಸಂಶೋಧನೆಯಾದರೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಪ್ರಿಡಾಕ್ಟರಲ್ (ಪಿಎಚ್‌ಡಿ ವಿದ್ಯಾರ್ಥಿಗಳ) ಫೆಲೋಶಿಪ್ ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೂ ಉಂಟು. ಕಂಪ್ಯೂಟರ್ ವಿಜ್ಞಾನಕ್ಕೆ ಗೂಗಲ್ ಪಿಎಚ್‌ಡಿ ಫೆಲೋಶಿಪ್ ಇದೆ. ಹೊರದೇಶದ ಮಹಿಳೆಯರಿಗೆ ಪಿ.ಇ.ಒ. ಇಂಟರ್‌ನ್ಯಾಷನಲ್ ಪೀಸ್ ಸ್ಕಾಲರ್‌ಶಿಪ್ ಇದೆ.

ಅರ್ಜಿಯ ಜೀವ ಇರುವುದು ಸಂಶೋಧನೆಯ ಗುರಿಗಳನ್ನು ಹೇಳುವ ಒಂದು ಪುಟದಲ್ಲಿ. 'ಹೃದಯ ಸ್ನಾಯುವಿನಲ್ಲಿ ಈ ಪ್ರೋಟೀನಿನ ಪಾತ್ರವನ್ನು ಅಧ್ಯಯನ ಮಾಡುತ್ತೇನೆ' ಎಂದರೆ ಏನೂ ಹೇಳಿದಂತಾಗಲಿಲ್ಲ. 'ಈ ಪ್ರೋಟೀನ್ ತೆಗೆದರೆ ಮೈಟೋಕಾಂಡ್ರಿಯಾ ಕ್ಯಾಲ್ಸಿಯಂ ಹೀರುವುದು ಕಡಿಮೆಯಾಗುತ್ತದೆಯೇ? ಆಗದಿದ್ದರೆ ಬೇರೆ ದಾರಿ ಇರಬೇಕು, ಅದನ್ನು ಹೀಗೆ ಹುಡುಕುತ್ತೇನೆ' ಎಂದು ಬರೆದರೆ ಪರಿಶೀಲಕರಿಗೆ ಹಿಡಿತ ಸಿಗುತ್ತದೆ. ಮೊದಲ ಗುರಿ ಕೈಕೊಟ್ಟರೆ ಎರಡನೆಯದೂ ನೆಲಕಚ್ಚುವ ಹಾಗೆ ಪೋಣಿಸಿದ ಅರ್ಜಿಗಳು ಇಲ್ಲೇ ಸಿಕ್ಕಿಬೀಳುತ್ತವೆ. ಇನ್ನೊಂದು ವಿಷಯ: ವಿಶ್ವವಿದ್ಯಾಲಯದ ಮೂಲಕ ಹೋಗುವ ಅರ್ಜಿಗೆ ಅದರದೇ ಒಳಗಡುವು ಇರುತ್ತದೆ, ಹೊರಗಿನ ಗಡುವಿಗಿಂತ ಮುಂಚೆಯೇ. ಶಿಫಾರಸು ಪತ್ರ ಕೇಳುವಾಗ ಆ ದಿನಾಂಕವನ್ನೇ ಕೊಡಿ.

ಗೆದ್ದಮೇಲಿನ ಲೆಕ್ಕದ ಬಗ್ಗೆ ಯಾರೂ ಬಾಯಿಬಿಡುವುದಿಲ್ಲ. ಫೆಲೋಶಿಪ್ ಸಂಬಳವಲ್ಲ, ಆದ್ದರಿಂದ ಅದಕ್ಕೆ ಡಬ್ಲ್ಯು-2 (ಸಂಬಳ, ತೆರಿಗೆ ಕಡಿತ ತೋರಿಸುವ ನಮೂನೆ) ಬರುವುದಿಲ್ಲ. ತೆರಿಗೆಯ ಕಣ್ಣಿನಲ್ಲಿ ಅನಿವಾಸಿಯಾಗಿರುವಷ್ಟು ಕಾಲ ಬರುವುದು 1042-ಎಸ್ ಎಂಬ ನಮೂನೆ. ಟ್ಯೂಷನ್ ಮತ್ತು ಕಡ್ಡಾಯ ಶುಲ್ಕಕ್ಕೆ ಹೋದ ಹಣಕ್ಕೆ ತೆರಿಗೆ ಇಲ್ಲ. ಉಳಿದದ್ದರಲ್ಲಿ ಸಾಮಾನ್ಯವಾಗಿ ಶೇ. 14 ಮೊದಲೇ ಕಡಿತ. ಭಾರತೀಯ ವಿದ್ಯಾರ್ಥಿಗಳು ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಡಿ ಅನಿವಾಸಿಗಳ ತೆರಿಗೆ ರಿಟರ್ನ್ ಆದ 1040-ಎನ್‌ಆರ್‌ನಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯಬಹುದು. ಉಳಿದ ಹೆಚ್ಚಿನ ದೇಶದವರಿಗೆ ಈ ಸೌಲಭ್ಯವಿಲ್ಲ.

ಎಡವುವುದು ಆರನೇ ವರ್ಷದಲ್ಲಿ. ಎಫ್-1ನವರನ್ನು ತೆರಿಗೆಗೆ ಅನಿವಾಸಿ ಎಂದೇ ಎಣಿಸುವ ವಿನಾಯಿತಿ 5 ಕ್ಯಾಲೆಂಡರ್ ವರ್ಷ ಮಾತ್ರ, ಬಂದಿಳಿದ ವರ್ಷವೂ ಪೂರ್ತಿ ಒಂದಾಗಿಯೇ ಎಣಿಕೆ. 2021ರ ಆಗಸ್ಟ್‌ನಲ್ಲಿ ಮೊದಲ ಸಲ ಬಂದವರಿಗೆ 2025ಕ್ಕೆ ಅದು ಮುಗಿಯಿತು. 2026ರಿಂದ ಅವರು ಸಾಮಾನ್ಯವಾಗಿ ತೆರಿಗೆಯ ಮಟ್ಟಿಗೆ ನಿವಾಸಿಗಳು. ಆಗ ಫೆಲೋಶಿಪ್‌ನಿಂದ ಕಡಿತವೇ ನಿಲ್ಲುತ್ತದೆ. ಕೈಗೆ ಜಾಸ್ತಿ ಬಂತೆಂದು ಖುಷಿಪಟ್ಟವರಿಗೆ ಮುಂದಿನ ವರ್ಷ ಬಾಕಿಯ ಜೊತೆ ದಂಡವೂ ಬೀಳಬಹುದು. ಮುಂಗಡ ತೆರಿಗೆಯ ನಮೂನೆ 1040-ಇಎಸ್ ಮೂಲಕ ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿಯ 15ಕ್ಕೆ ಕಂತು ಕಟ್ಟುತ್ತಾ ಹೋಗಬೇಕು.

ಒಪ್ಪಿಗೆ ಕೊಡುವ ಮುಂಚೆ ವಿಭಾಗದವರನ್ನು ಕೇಳಿ: ರಿಸರ್ಚ್ ಅಸಿಸ್ಟೆಂಟ್ ಹುದ್ದೆ ಬಿಟ್ಟರೆ ಅದರ ಜೊತೆಗಿದ್ದ ಟ್ಯೂಷನ್ ಮನ್ನಾ, ಆರೋಗ್ಯ ವಿಮೆ ಯಾರ ತಲೆಗೆ? ಸ್ಟೈಪೆಂಡ್ ಮಾತ್ರ ಕೊಡುವ ಫೆಲೋಶಿಪ್‌ಗಳೂ ಇವೆ. ಉತ್ತರ ಇ-ಮೇಲ್‌ನಲ್ಲೇ ಬರಲಿ.