ಗಂಜಿಯ ಬಟ್ಟಲಿಗೆ ಇನ್ನೊಂದಿಷ್ಟು

"ಪ್ರಾಯವಾದ ಮೇಲೆ ಸಪುರವಾಗುವುದು ಸಹಜ" ಎಂದು ನಮ್ಮ ಉಡುಪಿಯ ಕಡೆ ಎಲ್ಲರೂ ಹೇಳುತ್ತಾರೆ. ನಾನಿದನ್ನು ಒಪ್ಪಲಾರೆ. ಈ ಸಮಾಧಾನದಿಂದಾಗಿಯೇ ಎಷ್ಟೋ ಹಿರಿಯರ ಅಪೌಷ್ಟಿಕತೆ ಅವರು ಜಾರಿ ಬಿದ್ದು ಮೂಳೆ ಮುರಿದುಕೊಳ್ಳುವವರೆಗೂ ಯಾರ ಗಮನಕ್ಕೂ ಬರುವುದಿಲ್ಲ.

ಬ್ರಿಟನ್ನಿನಲ್ಲಿ 2003ರಲ್ಲಿ ಬಳಕೆಗೆ ಬಂದ ‘ಮಸ್ಟ್’ ಎಂಬ, ಅಪೌಷ್ಟಿಕತೆಯನ್ನು ಗುರುತಿಸುವ ಪರೀಕ್ಷಾಕ್ರಮದ ಪ್ರಕಾರ, ಮೂರರಿಂದ ಆರು ತಿಂಗಳೊಳಗೆ ದೇಹತೂಕದ ಶೇಕಡಾ 5ರಷ್ಟು ತಾನಾಗಿಯೇ ಇಳಿದರೆ ಅದು ಅಪಾಯದ ಸೂಚನೆ. 50 ಕಿಲೋ ತೂಗುವವರಿಗೆ ಇದು ಬರೀ ಎರಡೂವರೆ ಕಿಲೋ. ತೂಕದ ಯಂತ್ರದ ಮೇಲೆ ನಿಲ್ಲಲಾಗದವರ ಮೀನಖಂಡದ ಸುತ್ತಳತೆಯನ್ನು ದರ್ಜಿಯ ಟೇಪಿನಿಂದ ನೋಡಬಹುದು: 31 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಎಚ್ಚರ ವಹಿಸಬೇಕು. ಕಾಲು ಬಾತಿರುವವರಲ್ಲಿ ಮಾತ್ರ ಈ ಅಳತೆಯನ್ನು ನಂಬುವಂತಿಲ್ಲ.

ಮಕ್ಕಳೆಲ್ಲ ಮುಂಬಯಿ ಸೇರಿದ ಮೇಲೆ ನನ್ನ ದೊಡ್ಡಮ್ಮ "ಒಬ್ಬಳಿಗೆ ಎಂತ ಅಡುಗೆ ಮಾಡುವುದು ಮಗಾ" ಎನ್ನುತ್ತ ಎರಡು ಹೊತ್ತೂ ಕುಚ್ಚಲಕ್ಕಿ ಗಂಜಿ ಮತ್ತು ಮಿಡಿ ಉಪ್ಪಿನಕಾಯಿಯಲ್ಲೇ ದಿನ ಕಳೆಯುತ್ತಿದ್ದರು. ಗಂಜಿ ಕೆಟ್ಟದ್ದಲ್ಲ, ಆದರೆ 50 ಗ್ರಾಂ ಅಕ್ಕಿಯ ಗಂಜಿಯಲ್ಲಿ ಇರುವ ಪ್ರೋಟೀನ್ ಸುಮಾರು 4 ಗ್ರಾಂ ಮಾತ್ರ. ವಯಸ್ಕರಿಗೆ ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ ಬೇಕೆಂದು ನಮ್ಮ ದೇಶದ 2020ರ ಶಿಫಾರಸು ಹೇಳಿದರೆ, ಅರುವತ್ತೈದು ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕೆಂದು 2013ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಸೂಚಿಸಿತು. ಹಸಿವೆ ಕುಗ್ಗುವ ವಯಸ್ಸಿನಲ್ಲೇ ದೇಹಕ್ಕೆ ಹೆಚ್ಚು ಪ್ರೋಟೀನ್ ಬೇಕಾಗುತ್ತದೆ. ಅದೇ ಗಂಜಿಗೆ ಒಂದು ಹಿಡಿ ಹೆಸರುಕಾಳು ಹಾಕಿ ಬೇಯಿಸಿದರೆ 6–7 ಗ್ರಾಂ ಸೇರುತ್ತದೆ. ಒಂದು ಮೊಟ್ಟೆಯಿಂದ ಇನ್ನೊಂದು 6 ಗ್ರಾಂ ಸಿಗುತ್ತದೆ. ಮೀನು ತಿನ್ನುವ ಮನೆಯಾದರೆ ಮುಳ್ಳು ತೆಗೆದ ಬಂಗುಡೆ ಹಲ್ಲಿಲ್ಲದವರಿಗೂ ಸಲ್ಲುತ್ತದೆ. ಹುರುಳಿ ಸಾರಿನ ವಿಷಯದಲ್ಲಿ ಒಂದು ಮಾತು: ಬಸಿದ ನೀರನ್ನಷ್ಟೇ ಬಡಿಸಿದರೆ ಪ್ರೋಟೀನಿನ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ, ಆದ್ದರಿಂದ ಕಾಳನ್ನೂ ಅರೆದು ಸೇರಿಸಬೇಕು.

ಇಷ್ಟು ಸಾಮಾನ್ಯ ಆಹಾರದಿಂದ ಏನಾದೀತು ಎನ್ನುವವರಿಗೆ ಆಸ್ಟ್ರೇಲಿಯಾದ 60 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ ಉತ್ತರ ಕೊಡುತ್ತದೆ. ಅರ್ಧದಷ್ಟು ಆಶ್ರಮಗಳಲ್ಲಿ ಹಾಲು, ಮೊಸರು, ಚೀಸ್ ಹೆಚ್ಚು ಕೊಟ್ಟಾಗ ಅಲ್ಲಿನವರಲ್ಲಿ ಸೊಂಟದ ಮೂಳೆ ಮುರಿತ ಶೇಕಡಾ 46ರಷ್ಟು ತಗ್ಗಿತು. ಸಾವಿನ ಪ್ರಮಾಣ ಬದಲಾಗಲಿಲ್ಲವೆಂಬುದನ್ನೂ ಹೇಳಬೇಕು. ಆದರೆ ಸ್ವಿಟ್ಜರ್ಲೆಂಡಿನ ಎಂಟು ಆಸ್ಪತ್ರೆಗಳಲ್ಲಿ, ಅಪೌಷ್ಟಿಕತೆಯ ಅಪಾಯವಿದ್ದ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರತಿಯೊಬ್ಬರ ಅಗತ್ಯಕ್ಕೆ ತಕ್ಕ ಆಹಾರ ಪಡೆದವರಲ್ಲಿ 30 ದಿನಗಳೊಳಗಿನ ಸಾವು ಶೇಕಡಾ 7 ಇದ್ದರೆ ಉಳಿದವರಲ್ಲಿ ಶೇಕಡಾ 10 ಇತ್ತು.

ಮೂತ್ರಪಿಂಡದ ಕಾಯಿಲೆಯಿರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ಉಳಿದಂತೆ, ಮಂಗಳೂರು, ಮಣಿಪಾಲಗಳ ಆಸ್ಪತ್ರೆಗಳಿಂದ ಹಿರಿಯರನ್ನು ಮನೆಗೆ ಕರೆತರುವವರಲ್ಲಿ ನನ್ನದೊಂದು ವಿನಂತಿ: ಔಷಧದ ಚೀಟಿ ತೆಗೆದುಕೊಳ್ಳುವಾಗಲೇ ಅವರ ಆ ದಿನದ ತೂಕವನ್ನೂ ಬರೆಸಿಕೊಳ್ಳಿ, ಏನು ಎಷ್ಟು ಉಣ್ಣಿಸಬೇಕೆಂದು ಆಹಾರತಜ್ಞರನ್ನು ಕೇಳಿ, ಒಂದು ತಿಂಗಳ ಬಳಿಕ ಮತ್ತೆ ತೂಗಿ ನೋಡಿ.