ರಸ್ಟ್ ಕಲಿಯುವವರು ಕೇಳುವ ಎನಮ್ ಪ್ರಶ್ನೆಗಳು

14 ಜೂನ್ 2025, ಶನಿವಾರ

ಆಫೀಸಿಗೆ ಹೊಸದಾಗಿ ಬಂದವರು ರಸ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದಾರೆ. ಅವರು ಕೇಳುವುದು ಜಾಸ್ತಿ ಟೈಪ್ (ಡೇಟಾ ಯಾವ ತರಹದ್ದು ಅನ್ನುವುದು) ಮತ್ತು ಎನಮ್ (ಹೆಸರಿಟ್ಟ ಕೆಲವು ಬಗೆಗಳಲ್ಲಿ ಒಂದಾಗಿರುವ ಟೈಪ್) ಬಗ್ಗೆಯೇ. ಇವತ್ತು ಪುರುಸೊತ್ತಿದೆ, ಬರೆದಿಡುತ್ತೇನೆ.

ಐ64 (64 ಬಿಟ್ ಪೂರ್ಣಾಂಕ) ಕೇಳುವ ಕಡೆ ಐ32 (32 ಬಿಟ್‌ನದು) ಕೊಟ್ಟರೆ ಕಂಪೈಲರ್ ಯಾಕೆ ಒಪ್ಪುವುದಿಲ್ಲ, ಎರಡೂ ಪೂರ್ಣಾಂಕಗಳೇ ಅಲ್ವಾ? ಹೌದು, ಆದರೆ ರಸ್ಟ್ ತಾನಾಗಿ ಒಂದನ್ನು ಇನ್ನೊಂದಕ್ಕೆ ಬದಲಿಸುವುದಿಲ್ಲ, ನಾವೇ ಹೇಳಬೇಕು. ಟೈಪ್ ಬದಲಿಸುವ 'ಆ್ಯಸ್' ಪದ ಹಾಕಿದರೆ ಕೆಲಸ ಆಗುತ್ತದೆ. ಆದರೆ ಐ32 ವೇರಿಯಬಲ್‌ನಲ್ಲಿರುವ 300 ಅನ್ನು ಹಾಗೆ ಯು8 (ಋಣ ಚಿಹ್ನೆ ಇಲ್ಲದ 8 ಬಿಟ್ ಪೂರ್ಣಾಂಕ) ಮಾಡಿದರೆ ಸಿಗುವುದು 44, ಯಾಕೆಂದರೆ ಯು8ನಲ್ಲಿ 255ರ ತನಕ ಮಾತ್ರ ಜಾಗ. ಎರರ್ ಕೂಡ ಬರುವುದಿಲ್ಲ. ಅದಕ್ಕೇ ಟ್ರೈ_ಫ್ರಮ್ ಬಳಸಿ ಅಂತೀನಿ. ಸಂಖ್ಯೆ ಹೊಸ ಟೈಪ್‌ನಲ್ಲಿ ಹಿಡಿಸದಿದ್ದರೆ ಅದು ಎರರ್ ವಾಪಸ್ ಕೊಡುತ್ತದೆ.

ಇನ್ನು ಎನಮ್. ಸಿ ಭಾಷೆ ಗೊತ್ತಿದ್ದವರಿಗೆ ಎನಮ್ ಅಂದರೆ ಹೆಸರಿಟ್ಟ ನಂಬರು, ಅಷ್ಟೇ. ರಸ್ಟ್‌ನಲ್ಲಿ ಹಾಗಲ್ಲ. ಪಾವತಿ ಅಂತ ಒಂದು ಎನಮ್ ಮಾಡಿ, ಒಳಗೆ ನಗದು, ಯುಪಿಐ, ಕಾರ್ಡ್ ಅಂತ ಮೂರು ಬಗೆ ಇಡಿ. ನಗದಿಗೆ ಬೇರೇನೂ ಬೇಡ, ಯುಪಿಐ ಜೊತೆ ವಹಿವಾಟಿನ ಐಡಿ ಇರಬೇಕು, ಕಾರ್ಡ್ ಜೊತೆ ಕೊನೆಯ ನಾಲ್ಕು ಅಂಕಿ. ಪ್ರತಿ ಬಗೆಯೂ ತನಗೆ ಬೇಕಾದ ಡೇಟಾ ತಾನೇ ಇಟ್ಟುಕೊಳ್ಳುತ್ತದೆ.

ಇದನ್ನೇ ಸ್ಟ್ರಕ್ಟ್‌ನಲ್ಲಿ, ಅಂದರೆ ಎಲ್ಲ ಫೀಲ್ಡ್‌ಗಳೂ ಒಟ್ಟಿಗೇ ಇರುವ ಟೈಪ್‌ನಲ್ಲಿ, ಮಾಡಬಾರದಾ ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಮಾಡಬಹುದು, ಆದರೆ ಆಗ ಯುಪಿಐ ಐಡಿ, ಕಾರ್ಡ್ ಅಂಕಿ ಎರಡೂ ತುಂಬಿರುವ, ಇಲ್ಲವೇ ಯುಪಿಐ ಅಂತ ಹೇಳಿಯೂ ಐಡಿ ಖಾಲಿ ಇರುವ ಪಾವತಿಯನ್ನೂ ಯಾರಾದರೂ ಬರೆಯಬಹುದು, ಅದನ್ನು ತಡೆಯುವ ಚೆಕ್‌ಗಳನ್ನು ನಾವು ಎಲ್ಲ ಕಡೆ ಹಾಕುತ್ತಾ ಕೂರಬೇಕು. ಎನಮ್‌ನಲ್ಲಿ ಅಂಥ ಪಾವತಿ ಬರೆಯಲಿಕ್ಕೇ ಬರುವುದಿಲ್ಲ. ನನಗೆ ಈ ಭಾಷೆ ಇಷ್ಟವಾಗಲು ಮುಖ್ಯ ಕಾರಣ ಇದೇ.

ಹಾಗಾದರೆ ಒಳಗಿನ ಐಡಿ ತೆಗೆಯುವುದು ಹೇಗೆ? ಚುಕ್ಕಿ ಹಾಕಿ ಫೀಲ್ಡ್ ಹೆಸರು ಬರೆದರೆ ಬರುವುದಿಲ್ಲ, ಯಾವ ಬಗೆಗೆ ಏನು ಮಾಡಬೇಕು ಅಂತ ಒಂದೊಂದಾಗಿ ಬರೆಯುವ ಮ್ಯಾಚ್ ಬೇಕು. ಮ್ಯಾಚ್‌ನಲ್ಲಿ ಒಂದು ಬಗೆ ಬಿಟ್ಟುಹೋದರೂ ಕೋಡ್ ಕಂಪೈಲ್ ಆಗುವುದಿಲ್ಲ. ಮುಂದೆ ವ್ಯಾಲೆಟ್ ಅಂತ ನಾಲ್ಕನೆಯದು ಸೇರಿಸಿದಿರಿ ಅಂದುಕೊಳ್ಳಿ, ಎಲ್ಲೆಲ್ಲಿ ಕೋಡ್ ತಿದ್ದಬೇಕು ಅನ್ನುವುದನ್ನು ಕಂಪೈಲರೇ ತೋರಿಸುತ್ತದೆ. ದಯವಿಟ್ಟು ಸುಮ್ನೆ ಅಂಡರ್‌ಸ್ಕೋರ್ ಹಾಕಿ 'ಉಳಿದದ್ದೆಲ್ಲ ಇಲ್ಲಿಗೆ' ಅಂತ ಬರೆಯಬೇಡಿ, ಆಗ ಈ ಸಹಾಯ ಸಿಗುವುದಿಲ್ಲ.

ನಲ್ (ಇಲ್ಲಿ ಏನೂ ಇಲ್ಲ ಅನ್ನುವ ಗುರುತು) ಎಲ್ಲಿ ಹೋಯಿತು ಅನ್ನುವುದು ಜಾವಾದಿಂದ ಬಂದವರ ಪ್ರಶ್ನೆ. 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ನಲ್ ತಂದ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ಅವರೇ 2009ರಲ್ಲಿ ಅದನ್ನು ತಮ್ಮ ಬಿಲಿಯನ್ ಡಾಲರ್ ತಪ್ಪು ಅಂದರು. ರಸ್ಟ್‌ನಲ್ಲಿ ಅದರ ಬದಲು ಆಪ್ಷನ್ ಇದೆ, ಅದೂ ಒಂದು ಎನಮ್ಮೇ: ಬೆಲೆ (ವ್ಯಾಲ್ಯೂ) ಇದ್ದರೆ ಸಮ್, ಇಲ್ಲದಿದ್ದರೆ ನನ್. ಇಲ್ಲದಿದ್ದಾಗ ಏನು ಮಾಡಬೇಕು ಅಂತ ಮೊದಲೇ ಯೋಚಿಸಬೇಕಾಗುತ್ತದೆ. ಒಳಗಿನ ಬೆಲೆಯನ್ನು ನೇರ ತೆಗೆಯುವ ಅನ್‌ವ್ರ್ಯಾಪ್ ಹಾಕಿ ತಪ್ಪಿಸಿಕೊಂಡರೆ, ನನ್ ಬಂದಾಗ ಪ್ರೋಗ್ರಾಮ್ ಪ್ಯಾನಿಕ್ ಆಗುತ್ತದೆ, ಅಂದರೆ ಎರರ್ ತೋರಿಸಿ ನಿಲ್ಲುತ್ತದೆ. ಇದಕ್ಕೆ ಮೆಮೊರಿ ಜಾಸ್ತಿ ಬೇಡವಾ ಅಂದರೆ, ಕೆಲವು ಟೈಪ್‌ಗಳಿಗೆ ಬೇಕು, ಆದರೆ ಬಾಕ್ಸ್ ಅನ್ನು (ಡೇಟಾ ಬೇರೆ ಕಡೆ ಇಟ್ಟು ಅದರ ವಿಳಾಸ ಹಿಡಿದಿರುವ ಟೈಪ್) ಆಪ್ಷನ್ ಒಳಗಿಟ್ಟರೆ ಒಂದು ಬೈಟ್ ಕೂಡ ಹೆಚ್ಚಾಗುವುದಿಲ್ಲ.

ಎನಮ್ ಒಳಗೆ ಅದೇ ಎನಮ್ ನೇರವಾಗಿ ಇಟ್ಟರೆ ಗಾತ್ರಕ್ಕೆ ಕೊನೆಯೇ ಇಲ್ಲ ಅನ್ನುವ ಎರರ್ ಬರುತ್ತದೆ. ಒಳಗಿನದನ್ನು ಬಾಕ್ಸ್‌ನಲ್ಲಿ ಹಾಕಿ, ಸರಿಹೋಗುತ್ತದೆ. ಪ್ರಿಂಟ್ ಆಗಲಿಲ್ಲ ಅಂದರೆ ಎನಮ್ ಮೇಲೆ ಡಿರೈವ್ ಡೀಬಗ್ ಬರೆಯಿರಿ, ಪ್ರಿಂಟ್ ಸಾಲಿನ ಬ್ರಾಕೆಟ್‌ನಲ್ಲಿ ಕೋಲನ್ ಮತ್ತು ಪ್ರಶ್ನೆ ಚಿಹ್ನೆ ಹಾಕಿ. ಎರಡು ಎನಮ್ ಬೆಲೆಗಳನ್ನು ಹೋಲಿಸಲು ಪಾರ್ಶಿಯಲ್‌ಈಕ್ಯೂ ಕೂಡ ಅಲ್ಲೇ ಸೇರಿಸಬೇಕು.